ಮೂರು ಯೋಜನೆಗಳನ್ನು ಒಬ್ಬರೇ ನುಂಗಿದ ಕೋಳಿ ಮೇಡಂ ಅವರಿಗೆ

ಮಾನ್ಯ ಮೇಡಂ ಅವರೇ,

ಕಾಲಿಗೆ ಕಚೇರಿಯ ಉಂಗುರ ಧರಿಸಿ, ನನ್ನ ಹೊಲಿಗೆ ಮಿಷನ್ನಿನ ಪಕ್ಕದ ಚಿಂದಿ ಬುಟ್ಟಿಯನ್ನೇ ಸಿಂಹಾಸನ ಮಾಡಿಕೊಂಡು, ಮನೆಮಂದಿಯನ್ನೆಲ್ಲ ಒಂದೇ ಕಣ್ಣಿನಿಂದ ನೋಡುವ ತಮ್ಮ ಸನ್ನಿಧಿಗೆ, ಈ ಮನೆಯ ಅಜ್ಜಿಯೂ ಬೀದಿಗೆಲ್ಲ ಬಟ್ಟೆ ಹೊಲಿದುಕೊಡುವವಳೂ ಆದ ನಾನು ಮಾಡುವ ಸಾವಿರ ನಮಸ್ಕಾರಗಳು. ತಾವು ಕ್ಷೇಮವೆಂದು ಬಲ್ಲೆ. ತಮ್ಮನ್ನು ಬುಟ್ಟಿಯಿಂದ ಎತ್ತಲು ನನಗೀಗ ಎರಡೂ ಕೈ ಬೇಕು. ಮೊಮ್ಮಗಳನ್ನು ಎತ್ತಲು ಮಾತ್ರ ಇನ್ನೂ ಒಂದೇ ಕೈ ಸಾಕಾಗುತ್ತಿದೆ, ಈ ಪತ್ರ ಅದರ ಬಗ್ಗೆ.

ಮೂರು ತುಂಬುತ್ತಿರುವ ಆ ಹುಡುಗಿಯನ್ನು ನಾವು ಗುಂಡುಸೂಜಿ ಎಂದು ಕರೆಯುವುದು ತಮಗೆ ತಿಳಿದೇ ಇದೆ. ಹೋದ ವರ್ಷ ಅವಳಿಗೊಂದು ಫ್ರಾಕು ಹೊಲಿದಾಗ, ಬೆಳೆಯುವ ಮಗುವೆಂದು ಕೆಳಗಿನ ಅಂಚನ್ನು ಧಾರಾಳವಾಗಿ ಒಳಗೆ ಮಡಿಚಿ ಹೊಲಿದಿದ್ದೆ. ಆಮೇಲೆ ಬೀದಿಯ ಮಕ್ಕಳ ಅಂಚನ್ನೆಲ್ಲ ಬಿಚ್ಚಿ ಉದ್ದ ಮಾಡಿಕೊಟ್ಟು ನನ್ನ ಬೆರಳು ಸವೆಯಿತೇ ಹೊರತು, ಇವಳ ಫ್ರಾಕಿನ ಮಡಿಕೆ ಹೊಲಿದ ಹಾಗೇ ಕೂತಿತ್ತು. ಅದನ್ನು ನೋಡಿದಾಗಲೆಲ್ಲ ನನಗೆ ಭಯವಾಗುತ್ತಿತ್ತು. ಸೊಸೆಯ ಮುಂದೆ ಮಾತ್ರ, ಒಳ್ಳೇ ಬಟ್ಟೆ, ಕುಗ್ಗಿಲ್ಲ ನೋಡು, ಎಂದು ಹೇಳುತ್ತಿದ್ದೆ.

ಇಂಥ ಹೊತ್ತಿನಲ್ಲಿ ಮೂರು ಕಚೇರಿಗಳು ನಮ್ಮ ಮೇಲೆ ಕೃಪೆ ತೋರಿದವು. ಮೊದಲನೆಯದು ಕಾಳಿನ ಮೂಟೆ ಕಳಿಸಿತು, ಎರಡನೆಯದು ಹಿತ್ತಲಿಗೆ ಸೊಪ್ಪಿನ ಬೀಜ ಕೊಟ್ಟಿತು, ಮೂರನೆಯದು ತಮ್ಮನ್ನು ದಯಪಾಲಿಸಿತು. ಒಂದೊಂದೇ ಬಂದರೆ ಸಾಲದು, ಮೂರೂ ಒಂದೆಡೆ ಸೇರಿದಾಗಲೇ ಮಗು ವಯಸ್ಸಿಗೆ ತಕ್ಕ ಎತ್ತರಕ್ಕೆ ಬೆಳೆಯುವುದು ಎಂದು ಮೂರೂ ಕಡೆಯವರು ಬಂದು ತಿಳಿಹೇಳಿದರು. ಅವರ ಮಾತು ಅರ್ಧ ನಿಜವಾಯಿತು. ಮೂರೂ ಒಂದೆಡೆ ಸೇರಿದವು, ಸೇರಿದ ಜಾಗ ತಮ್ಮ ಹೊಟ್ಟೆ.

ಮೂಟೆಗೆ ತಾವು ಗೋಡೆಯ ಕಡೆಯಿಂದ ತೂತು ಮಾಡಿದಿರಿ, ಅದೂ ನಮಗೆ ಕಾಣದ ಹಾಗೆ. ಆ ಚಾತುರ್ಯಕ್ಕೆ ಕೈ ಮುಗಿಯುತ್ತೇನೆ. ಸೊಪ್ಪು ಎಲೆ ಬಿಡುತ್ತಿದ್ದಂತೆ ಹಿತ್ತಲಿಗೆ ತಪಾಸಣೆಗೆ ದಯಮಾಡಿಸಿ ದಂಟು ಮಾತ್ರ ಉಳಿಸಿ ಬಂದಿರಿ. ಊಟದ ಹೊತ್ತಿಗೆ ಗುಂಡುಸೂಜಿಯ ಎದುರು ಕತ್ತು ಓರೆ ಮಾಡಿ ನಿಂತು ಎಂದೂ ಅನ್ನ ಕಾಣದವರ ಹಾಗೆ ಮುಖ ಮಾಡುತ್ತಿದ್ದಿರಿ, ಅವಳೋ “ಪಾಪ, ಮೇಡಂಗೆ ಹಸಿವು” ಅಂತ ತನ್ನ ಗಂಜಿ ಬಟ್ಟಲನ್ನೇ ತಮ್ಮ ಕಡೆ ತಳ್ಳುತ್ತಿದ್ದಳು. ಖಾಲಿ ಬಟ್ಟಲು ನೋಡಿ, ಮಗು ಎಷ್ಟು ಚೆನ್ನಾಗಿ ಉಂಡಿದೆ ಎಂದು ನಾವೆಲ್ಲ ಹಿಗ್ಗುತ್ತಿದ್ದೆವು.

ಇಷ್ಟಾದರೂ ತಾವು ಮೊಟ್ಟೆ ಇಡಲಿಲ್ಲವೆಂದರೆ ನನ್ನ ನಾಲಿಗೆ ಬಿದ್ದುಹೋದೀತು. ಇಟ್ಟಿರಿ. ಆದರೆ ತಾವು ಮೊಟ್ಟೆಯಿಟ್ಟು ಬೀದಿಗೆಲ್ಲ ಕೇಳುವಂತೆ ಕೂಗುವುದಕ್ಕೂ ಯಾವುದಾದರೊಂದು ಕಚೇರಿಯವರು ಬಾಗಿಲಲ್ಲಿ ಚಪ್ಪಲಿ ಬಿಡುವುದಕ್ಕೂ ಅದೆಂಥ ಹೊಂದಾಣಿಕೆಯೋ! ನನ್ನ ಮಗ ಸಂಕೋಚದ ಪ್ರಾಣಿ; ಬಂದವರನ್ನು ಬರಿಬಾಯಲ್ಲಿ ಕಳಿಸಿದರೆ ಯೋಜನೆಯೇ ಕೈತಪ್ಪೀತೆಂದು ಹೆದರಿ, ಅಡುಗೆಮನೆಯೊಳಗೆ ಮುಖ ಹಾಕಿ “ಲೇ, ಒಂದ್ಮೊಟ್ಟೆ ಬೇಯೋಕಿಡೇ” ಅಂತ ಹೆಂಡತಿಗೆ ಪಿಸುಗುಟ್ಟುತ್ತಿದ್ದ. ಮೂಟೆಯವರು ತಿನ್ನುತ್ತಲೇ ಖಾಲಿ ಮೂಟೆ ನೋಡಿ ಬಳಕೆ ಉತ್ತಮವೆಂದರು, ಸೊಪ್ಪಿನವರು ಬರೀ ದಂಟು ನೋಡಿ ಕೊಯ್ಲು ಮುಗಿದಿದೆಯೆಂದು ಮೆಚ್ಚಿದರು, ತಮ್ಮ ಕಚೇರಿಯವರಂತೂ ತಮ್ಮನ್ನು ಎತ್ತಿ ಹಿಡಿದು “ಆಹಾ, ಎಂಥಾ ಮೈ ಬಂದಿದೆ!” ಎಂದು ಕಣ್ಣರಳಿಸಿದರು. ಮಗು ಎಲ್ಲಿ ಎಂದು ಮೂವರಲ್ಲಿ ಒಬ್ಬರೂ ಕೇಳಲಿಲ್ಲ.

ಕೊನೆಗೆ ಮಕ್ಕಳ ಎತ್ತರ ಅಳೆಯುವ ಅಕ್ಕ ಬಂದರು. ಗುಂಡುಸೂಜಿಯನ್ನು ಹಲಗೆಗೆ ಒರಗಿಸಿ ನಿಲ್ಲಿಸಿ ಅಳೆದು, ಬೆಳವಣಿಗೆ ಕುಂಠಿತವಾಗಿದೆಯೆಂದರು. ಆಮೇಲೆ ನಮ್ಮ ಕಾಗದಪತ್ರ ನೋಡಿ “ಮೂರೂ ಸೇರಿರೋ ಮನೇಲಿ ಹೀಗಾಗೋಕೆ ಸಾಧ್ಯಾನೇ ಇಲ್ಲ” ಎಂದು ಹಲಗೆಯನ್ನೇ ಗದರಿಸಿ ಇನ್ನೊಮ್ಮೆ ಅಳೆದರು. ಹಲಗೆ ಜಗ್ಗಲಿಲ್ಲ. ಬಹಳ ಯೋಚಿಸಿ, ಹಾಗಾದರೆ ಇನ್ನೊಂದು ಕೋಳಿಗೆ ಶಿಫಾರಸು ಮಾಡುತ್ತೇನೆ ಎಂದಾಗ, ಗುಂಡಿ ಹೊಲಿಯುತ್ತ ಕೂತಿದ್ದ ನಾನು ಸೂಜಿಯನ್ನು ನನ್ನ ಬೆರಳಿಗೇ ಚುಚ್ಚಿಕೊಂಡೆ. ಅಷ್ಟರಲ್ಲಿ ಅವರ ಮುಂದಿದ್ದ ತಟ್ಟೆಯಿಂದ ಬೆಂದ ಮೊಟ್ಟೆ ಮಾಯವಾಗಿತ್ತು. ನೋಡಿದರೆ ಗುಂಡುಸೂಜಿ ಮಿಷನ್ನಿನ ಕೆಳಗೆ ಪೆಡಲಿನ ಮೇಲೆ ಕೂತು, ಎರಡೂ ಕೈಯಲ್ಲಿ ಹಿಡಿದು, ಯಾರಾದರೂ ಕಿತ್ತುಕೊಂಡಾರೆಂದು ನಮ್ಮನ್ನೇ ನೋಡುತ್ತ ಗಬಗಬ ತಿನ್ನುತ್ತಿದ್ದಳು.

“ಅಯ್ಯೋ, ಇದಕ್ಕೆ ಮೊಟ್ಟೆ ಇಷ್ಟಾನಾ? ಮತ್ತೆ ನಂಗ್ಯಾಕೆ ಕೊಟ್ರಿ?” ಎಂದರು ಆ ಅಕ್ಕ. ಅವರು ಸಿಟ್ಟಿನಿಂದ ಕೇಳಲಿಲ್ಲ, ತಿಳಿಯದೆ ಕೇಳಿದರು. ನನಗೆ ನಾಚಿಕೆಯಾಯಿತು. ಅಂದೇ ಮೂಟೆ ಹೊರಳಿಸಿ ತೂತು ಕಂಡೆ, ಮಗುವಿನ ಊಟದ ಹೊತ್ತಿಗೆ ಬಾಗಿಲ ಮರೆಯಲ್ಲಿ ನಿಂತು ಬಟ್ಟಲಿನ ಗುಟ್ಟನ್ನೂ ಕಂಡೆ.

ಅಂದಿನಿಂದ ಕಾಳು ಮುಚ್ಚಳದ ಡಬ್ಬದಲ್ಲಿದೆ, ಸೊಪ್ಪಿಗೆ ಬೇಲಿ ಬಂದಿದೆ, ಊಟದ ಹೊತ್ತಿಗೆ ತಮಗೆ ಬುಟ್ಟಿಯ ಮೇಲಲ್ಲ, ಬುಟ್ಟಿಯ ಕೆಳಗೆ ವಿಶ್ರಾಂತಿ. ಬಾಗಿಲಿಗೆ ಯಾರೇ ಬಂದಿರಲಿ, ಮೊಟ್ಟೆ ಗುಂಡುಸೂಜಿಗೆ. ಇದರಿಂದ ತಮಗಾಗಿರುವ ಮನಃಕ್ಲೇಶಕ್ಕೆ ವಿಷಾದಿಸುತ್ತ, ಕೆಲವು ಸಣ್ಣ ವಿನಂತಿಗಳನ್ನು ಸಲ್ಲಿಸುತ್ತೇನೆ. ಕಾಳಿನ ಕಚೇರಿಯ ಸ್ವತ್ತಿಗೆ ಕೊಕ್ಕು ಹಾಕುವ ಮೊದಲು ದಯವಿಟ್ಟು ಆ ಕಚೇರಿಯ ಲಿಖಿತ ಒಪ್ಪಿಗೆ ಪಡೆಯಬೇಕು. ಬೇಲಿ ಹಾರಲೇಬೇಕಾದಲ್ಲಿ ಮುಂಚಿತವಾಗಿ ಕಾರಣ ತಿಳಿಸಬೇಕು. ಮೊಟ್ಟೆ ಇಟ್ಟ ಸಂಭ್ರಮವನ್ನು ಅಧಿಕಾರಿಗಳು ಬೀದಿಯ ತಿರುವು ದಾಟುವ ತನಕ ಮನಸ್ಸಿನಲ್ಲೇ ಇಟ್ಟುಕೊಳ್ಳಬೇಕು. ಹಾಗೆಯೇ, ಬಿಡುವಾದಾಗ ಮೂರೂ ಕಚೇರಿಗಳ ಜಂಟಿ ಸಭೆಯೊಂದನ್ನು ತಾವೇ ಕರೆಯಬೇಕು, ಏಕೆಂದರೆ ಮೂರರ ರುಚಿಯನ್ನೂ ಬಲ್ಲವರು ಇಲ್ಲಿಯವರೆಗೆ ತಾವೊಬ್ಬರೇ.

ಇಂದು ಬೆಳಿಗ್ಗೆ ಫ್ರಾಕಿನ ಅಂಚು ಬಿಚ್ಚಿದೆ. ಇಷ್ಟು ತಿಂಗಳಾದ ಮೇಲೆ, ಒಂದು ಬೆರಳಗಲ. ಒಳಗೆ ಮಡಿಚಿದ್ದ ಬಟ್ಟೆ ಬಿಸಿಲು ಕಾಣದ್ದರಿಂದ ಹೊಸ ಬಣ್ಣದ ಪಟ್ಟಿಯಾಗಿ ಎದ್ದು ಕಾಣುತ್ತದೆ. ಗಿರಾಕಿಗಳ ಬಟ್ಟೆಯಾದರೆ ಅದರ ಮೇಲೆ ಲೇಸು ಹಚ್ಚಿ ಮುಚ್ಚುತ್ತೇನೆ. ಇದನ್ನು ಮುಚ್ಚುವುದಿಲ್ಲ, ಬೀದಿಯೆಲ್ಲ ನೋಡಲಿ.

ಇಂತಿ, ತಮ್ಮ ಗರಿಯೊಂದೂ ಕೊಂಕದಿರಲೆಂದು ಹಾರೈಸುವ,
ತಮ್ಮ ವಿಶ್ವಾಸಿ,
ಗುಂಡುಸೂಜಿಯ ಅಜ್ಜಿ

ವಿ.ಸೂ.: ಬರುವ ವಾರ ಮೂರೂ ಕಚೇರಿಯವರು ಒಟ್ಟಿಗೇ ಬರುತ್ತಾರಂತೆ. ಮೊಟ್ಟೆ ಮಗುವಿಗೆ ಮೀಸಲಾದ್ದರಿಂದ ಬಂದವರಿಗೆ ಇನ್ನೇನು ಬಡಿಸುವುದೆಂದು ಮಗ ನಿನ್ನೆಯಿಂದ ಯೋಚಿಸುತ್ತಿದ್ದಾನೆ, ಯೋಚಿಸುವಾಗಲೆಲ್ಲ ಚಿಂದಿ ಬುಟ್ಟಿಯ ಕಡೆಗೇ ನೋಡುತ್ತಿದ್ದಾನೆ. ಈ ಮನೆಯಲ್ಲಿ ತಮ್ಮ ಪರವಾಗಿ ಅತ್ತು ರಂಪ ಮಾಡುವವಳು ಒಬ್ಬಳೇ. ಅವಳ ಬಟ್ಟಲಿಗೆ ಬಾಯಿ ಹಾಕಬೇಡಿ.