ಕಣ್ಣು ಮುಚ್ಚಿ ಕುಣಿಯುವ ಹೆಂಡತಿ

ಗಂಡ ಹೆಂಡತಿ ರಸ್ತೆಯಲ್ಲಿ ಅಕ್ಕಪಕ್ಕ ನಡೆಯುವುದು ನಮ್ಮ ಮನೆತನದಲ್ಲಿ ರೂಢಿಯಿಲ್ಲ. ಮೇಲೂರಿನಲ್ಲಿ ನಮ್ಮಪ್ಪ ಮುಂದೆ, ಅಮ್ಮ ಹತ್ತು ಮಾರು ಹಿಂದೆ. ನಾನೂ ಹಾಗೆಯೇ. ನನ್ನ ಹೆಂಡತಿ ಗಿರಿಜ ಬಂದಳೋ ಇಲ್ಲವೋ ಎಂದು ತಿರುಗಿ ನೋಡುವುದು ಬಸ್ಸು ಹತ್ತಿ ಸೀಟು ಹಿಡಿದ ಮೇಲೆಯೇ. ಇಂಥ ನಾನು ಐವತ್ತು ದಾಟಿದ ಮೇಲೆ ಟ್ಯಾಂಗೋ ಕುಣಿತ ಕಲಿಯಲು ಹೊರಟೆ ಎಂದರೆ ನೀವು ನಗುತ್ತೀರಿ. ನಗಿ, ಚಿಂತಾಮಣಿಯ ನಮ್ಮ ಬ್ಯಾಂಕಿನವರೆಲ್ಲ ಆಗಲೇ ನಕ್ಕು ಮುಗಿಸಿದ್ದಾರೆ.

ಹೊರಡಿಸಿದವಳು ಗಿರಿಜ. ಹೈಸ್ಕೂಲು ಟೀಚರು, ಒಂದು ಸಲ ಮನಸ್ಸು ಮಾಡಿದರೆ ಮುಗಿಯಿತು. ಚಿಕ್ಕಬಳ್ಳಾಪುರದ ಒಂದು ಕಲ್ಯಾಣ ಮಂಟಪದ ಊಟದ ಹಾಲಿನಲ್ಲಿ, ಮುಹೂರ್ತವಿಲ್ಲದ ಭಾನುವಾರಗಳಂದು ಶಾಲಿನಿ ಮೇಡಂ ಎಂಬುವವರು ಕಲಿಸುತ್ತಾರೆ. ಹಾಲಿನಲ್ಲಿ ಹಿಂದಿನ ದಿನದ ಮದುವೆಯ ಸಾರಿನ ಘಮ ಇನ್ನೂ ಇರುತ್ತದೆ. ಟ್ಯಾಂಗೋ ಎಂದರೆ ಹೆಚ್ಚುಕಡಿಮೆ ನಡಿಗೆಯೇ. ಇಬ್ಬರೂ ಎದೆಗೆ ಎದೆ ತಾಗುವಂತೆ ನಿಂತು, ಗಂಡಸು ಮುಂದಕ್ಕೆ, ಹೆಂಗಸು ಹಿಂದಕ್ಕೆ ನಡೆಯಬೇಕು. ಬಾಯಿ ಬಿಡುವಂತಿಲ್ಲ. ಅವನು ಎತ್ತ ಹೊರಟಿದ್ದಾನೆಂದು ಅವನ ಎದೆಯಿಂದಲೇ ಅವಳಿಗೆ ತಿಳಿಯಬೇಕು. ಕುಣಿಯಲು ಕರೆಯುವುದೂ ದೂರದಿಂದ, ಕಣ್ಣಿನಲ್ಲೇ. ಮೊದಲ ದಿನ ನಾನು ಹಾಲಿನ ಈ ತುದಿಯಿಂದ ಗಿರಿಜಳನ್ನು ನೋಡಿ ಹುಬ್ಬೇರಿಸಿದೆ. ಅವಳು ಎದ್ದು ಬಂದು ನೀರಿನ ಬಾಟಲ್ ಕೊಟ್ಟಳು. ನಮ್ಮ ಮನೆಯಲ್ಲಿ ನನ್ನ ಹುಬ್ಬಿಗೆ ಇರುವುದು ಅದೊಂದೇ ಅರ್ಥ.

ಅಲ್ಲಿ ಜೊತೆಗಾರರನ್ನು ಬದಲಿಸುತ್ತಿರುವುದು ಪದ್ಧತಿ. ತೊಂಡೇಬಾವಿಯ ರಿಟೈರ್ಡ್ ಮೇಷ್ಟ್ರು ನಂಜುಂಡಪ್ಪನವರ ಜೊತೆ ಕುಣಿಯುವಾಗ ಗಿರಿಜ ನೆಮ್ಮದಿಯಾಗಿ ಕಣ್ಣು ಮುಚ್ಚುತ್ತಿದ್ದಳು. ನನ್ನ ಜೊತೆಗಾದರೆ ಲಾರಿಗಳ ನಡುವೆ ರಸ್ತೆ ದಾಟುವವಳಂತೆ ಎರಡೂ ಕಣ್ಣು ಅಗಲಿಸಿಕೊಂಡಿರುತ್ತಿದ್ದಳು. ಹೊಟ್ಟೆ ಉರಿಯಿತು. ಕೇಳಿಯೇಬಿಟ್ಟೆ.

“ಮೇಷ್ಟ್ರು ಕಾಲಿಡೋಕ್ ಮುಂಚೆ ನಂಗ್ ಗೊತ್ತಾಗುತ್ತೆ ಕಣ್ರೀ. ನೀವು ನಾನಿದೀನೋ ಇಲ್ವೋ ಅಂತಾನೂ ನೋಡ್ದೆ ಹೊರಟ್ಬಿಡ್ತೀರ. ನಿಮ್ ಜೊತೆ ಕಣ್ಮುಚ್ಚೋಕೆ ಧೈರ್ಯ ಬರಲ್ಲ.”

ಬೇಸರದಿಂದೇನೂ ಹೇಳಲಿಲ್ಲ, ಉಪ್ಪು ಕಡಿಮೆ ಎನ್ನುವ ಹಾಗೆ ಹೇಳಿದಳು. ಅದಕ್ಕೇ ಹೆಚ್ಚು ನೋವಾಯಿತು. ಇವಳು ಒಂದು ಸಲವಾದರೂ ನನ್ನನ್ನು ನಂಬಿ ಕಣ್ಣು ಮುಚ್ಚಲಿ ಎಂಬುದು ಆ ವಾರವೆಲ್ಲ ನನ್ನ ಒಂದೇ ಆಸೆಯಾಗಿತ್ತು.

ಮುಂದಿನ ಭಾನುವಾರ ಶಾಲಿನಿ ಮೇಡಂ ಗಿರಿಜಳ ಎದುರು ನಿಂತಿದ್ದ ನನ್ನ ಭುಜ ಹಿಡಿದು, “ಸರ್, ಹೊರಡೋ ಆತುರ ಬೇಡಪ್ಪ. ಸುಮ್ನೆ ನಿಂತ್ಕೊಳಿ, ಅವ್ರು ಬರ್ಲಿ” ಎಂದರು. ನಿಂತೆ. ಹಾಡು ಶುರುವಾಯಿತು, ಉಳಿದವರು ಕೆಟ್ಟು ನಿಂತ ಟ್ರ್ಯಾಕ್ಟರನ್ನು ಬಳಸಿ ಹೋಗುವಂತೆ ನಮ್ಮನ್ನು ಬಳಸಿ ಹೋದರು. ನಾನು ಅಲ್ಲಾಡಲಿಲ್ಲ. ಸ್ವಲ್ಪ ಹೊತ್ತಿಗೆ ಗಿರಿಜಳ ಉಸಿರು ನನಗೆ ತಿಳಿಯತೊಡಗಿತು. ಆಮೇಲೆ ಅವಳ ಭಾರ ಮೆಲ್ಲಗೆ ನನ್ನ ಕಡೆಗೆ ಬಂತು. ಹೊರಡೋಣವೇ ಎಂದು ಮನಸ್ಸಿನಲ್ಲಿ ಅಂದುಕೊಂಡೆನಷ್ಟೆ, ಅವಳ ಕಾಲು ಆಗಲೇ ಹಿಂದಕ್ಕೆ ಸರಿದಿತ್ತು. ನಾನು ಬೆರಗಾಗಿ ಹೋದೆ. ಮನೆಗೆ ಹಾಲು ಹಾಕುವವನು ಬಂದಿದ್ದಾನೆಂದು ನಾಲ್ಕು ಸಲ ಕೂಗಿದರೂ ಒಬ್ಬರ ಮಾತು ಒಬ್ಬರಿಗೆ ಕೇಳಿಸದ ಸಂಸಾರ ನಮ್ಮದು. ಇಲ್ಲಿ ಆಡದ ಮಾತು ಕೇಳಿಸುತ್ತಿತ್ತು. ಬಗ್ಗಿ ನೋಡಿದರೆ ಅವಳ ಕಣ್ಣು ಮುಚ್ಚಿತ್ತು.

ಮುಗಿದ ಮೇಲೆ ಚಪ್ಪಲಿ ಮೆಟ್ಟುತ್ತಿದ್ದವಳನ್ನು ಕೇಳಿದೆ, “ಕಣ್ಮುಚ್ಚಿದ್ದೆ ಅಲ್ವೇನೇ?”

“ಮುಚ್ಚಿದ್ದೆ. ಆಮೇಲೆ ನೀವೂ ಮುಚ್ಕೊಂಡ್ರಿ. ಅದಕ್ಕೆ ನಾನು ತೆಗೀಬೇಕಾಯ್ತು.”

“ನಾನು ಮುಚ್ಚಿದ್ದು ನಿಂಗ್ ಹೆಂಗೇ ಗೊತ್ತಾಯ್ತು?”

“ನಿಮ್ಮ ಎದೆ ಮೆತ್ತಗಾಯ್ತು. ಸೀದಾ ಕೈ ತೊಳೆಯೋ ತೊಟ್ಟಿ ಕಡೆಗೆ ಹೊರಟಿದ್ರಿ. ನಾನೇ ತಿರುಗಿಸ್ಕೊಂಡೆ.”

ನಾನೇ ನಡೆಸಿದೆನೆಂದು ಉಬ್ಬಿದ್ದವನು ಬಗ್ಗಿ ಚಪ್ಪಲಿ ಮೆಟ್ಟಿಕೊಂಡೆ. ಬಸ್ ಸ್ಟ್ಯಾಂಡಿನ ಕಡೆಗೆ ಎಂದಿನಂತೆ ನಾನು ಮುಂದೆ ನಡೆದೆ, ಅವಳು ಹಿಂದೆ. ಅರ್ಧ ದಾರಿಯಲ್ಲಿ ನಿಂತು, ತಿರುಗಿ ನೋಡದೆ, ಪರೀಕ್ಷೆ ಮಾಡೋಣವೆಂದು ಹುಬ್ಬೇರಿಸಿದೆ. ಹತ್ತು ಮಾರು ಹಿಂದಿದ್ದ ಗಿರಿಜ ಬೇಗಬೇಗ ಬಂದು, ನನ್ನ ಪಕ್ಕದಲ್ಲಿ ನಿಂತು ನೀರಿನ ಬಾಟಲ್ ಚಾಚಿದಳು. ನನಗೆ ಬಾಯಾರಿಕೆಯೇನೂ ಇರಲಿಲ್ಲ. ಆದರೂ ಅಷ್ಟನ್ನೂ ಕುಡಿದೆ.