ಅರಿವೆ ಕಳಚಿ ಈಜುವ ಮಡುವಿಗೊಂದು ಅರ್ಜಿ

ನನಗೆ ಇಂಥವು ತಪ್ಪಿದ್ದೇ ಇಲ್ಲ. ನಾನು ಮನಸಾರೆ ಏನು ಕೇಳಿದರೂ ಊರು ಮೊದಲು ನಗುತ್ತದೆ. ಸಾಲಿ ಬಿಟ್ಟು ತಿರುಗುತ್ತಿದ್ದಾಗ ಒಮ್ಮೆ ಕಾರವಾರದ ಕಡೆ, ನರಪಿಳ್ಳೆಯಿಲ್ಲದ ದಂಡೆಯಲ್ಲಿ, ಅರಿವೆ ತೆಗೆದಿಟ್ಟು ಸಮುದ್ರಕ್ಕೆ ಇಳಿದಿದ್ದೆ. ಆ ನೀರು ಮೈ ಮುಟ್ಟಿದ್ದು ಊರಿಗೆ ಬಂದ ಮೇಲೂ ಮರೆಯಲಿಲ್ಲ. ಆಗ ರಾಜರ ಆಳ್ವಿಕೆ ಹೋಗಿ ಊರಿಗೆ ಕಮಿಟಿ ಬಂದ ಹೊಸತು. ಮಲಪ್ರಭೆಯ ತಿರುವಿನ ಮಡುವಿನಲ್ಲಿ ಗಂಡಸರು ಲಂಗೋಟಿಯೂ ಇಲ್ಲದೆ ಈಜಲು ಒಂದು ಜಾಗ, ಅದಕ್ಕೊಂದು ಸರಕಾರಿ ಬೋರ್ಡು. ಇಷ್ಟೇ ನನ್ನ ಆಸೆ.

ಕಾರಣ

ಅರ್ಜಿ ಒಯ್ದೆ. ಕಮಿಟಿಯ ಕಾರಕೂನರು ಕನ್ನಡಕ ಏರಿಸಿ, "ಯಾಕ ಬೇಕೋ ಇದು?" ಎಂದರು.

"ಹಿತ ಅನಸ್ತದ್ರಿ."

"ಹಿತಕ್ಕ ಯಾವ ಕಚೇರ್ಯಾಗೂ ಜಾಗಾ ಇಲ್ಲಪಾ. ತುರಿಕಜ್ಜಿ ಐತಿ, ಬಿಸಲಿಗೆ ಮೈ ಒಡ್ಡಬೇಕು ಅಂತ ಬರಿ."

ಬರೆದೆ. ಕಜ್ಜಿಯ ಸುದ್ದಿ ನನಗಿಂತ ಮೊದಲು ಪೇಟೆ ಮುಟ್ಟಿತು. ಕ್ಷೌರದವನು ನನ್ನನ್ನು ಕಂಡು ಕತ್ತಿ ಮಡಚಿಟ್ಟ. ಗಡ್ಡ ಬಿಟ್ಟುಕೊಂಡೇ ತಿರುಗಿದೆ. ಜನ ಅದನ್ನು ವ್ರತ ಅಂದುಕೊಂಡರು.

ಆಚಾರ್ಯರ ಸಹಿ

ಬೆಂಬಲದ ಸಹಿಗೆ ಊರಿನ ಶಾಸ್ತ್ರ ಬಲ್ಲ ಆಚಾರ್ಯರ ಮನೆಗೆ ಹೋಗಿ, ಕಾರವಾರದ ಕತೆಯನ್ನೂ ಬಿಚ್ಚಿದೆ. "ನಗ್ನಸ್ನಾನ ಶಾಸ್ತ್ರಕ್ಕ ಒಪ್ಪಂಗಿಲ್ಲ" ಎಂದು ಕಣ್ಣು ಮುಚ್ಚಿದರು. ಮುಚ್ಚಿದ ಕಣ್ಣಲ್ಲೇ ಕೇಳಿದರು: "ಸಮುದ್ರದ ನೀರು ಹ್ಯಾಂಗಿತ್ತೋ?"

ಹೇಳಿದೆ. ಕಣ್ಣು ತೆರೆದು ಅರ್ಜಿ ಎಳೆದುಕೊಂಡರು. ಆಮೇಲೆ, "ಸೊಂಟಕ್ಕ ಉಡದಾರ ಇದ್ದಂವಾ ನಗ್ನ ಹ್ಯಾಂಗಾಗ್ತಾನ?" ಎಂದು ಸಹಿ ಮಾಡಿದರು. ಕೆಳಗೆ 'ಉಡದಾರ ಕಡ್ಡಾಯ' ಎಂದೂ ಬರೆದರು. ನನ್ನದು ತಿರುಗಾಟದಲ್ಲಿ ಎಲ್ಲೋ ಹರಿದುಹೋಗಿತ್ತು. ಏನೂ ಉಡದಿರುವ ಹಕ್ಕು ಕೇಳಲು ಹೊರಟವನು ಮೊದಲು ಉಡದಾರದಂಗಡಿಗೆ ಹೋದೆ.

ಸ್ಥಳ ತನಿಖೆ

ಬಿರುಬೇಸಿಗೆಯ ಮಧ್ಯಾಹ್ನ ಕಮಿಟಿಯ ಐದೂ ಮಂದಿ ಮಡು ನೋಡಲು ಬಂದರು. "ನೀರಿಗೆ ಇಳೀದೆ ಹ್ಯಾಂಗ ಹೇಳೂದು?" ಎಂದು ಅಧ್ಯಕ್ಷರು ಧೋತರ ಕಳಚಿದರು. ಎಲ್ಲರೂ ಇಳಿದರು, ನಾನೂ ಇಳಿದೆ. ಕಾರಕೂನರು ಅರಿವೆ ಕಾಯುತ್ತ ದಂಡೆಯಲ್ಲಿ ಕುಂತರು. ನೀರಿನಲ್ಲಿ ಕುತ್ತಿಗೆಮಟ ಕುಂತವರ ಮುಖಗಳು ಕಳೆದದ್ದೇನೋ ಸಿಕ್ಕಂತಿದ್ದವು.

"ಇಲ್ಲೇ ಠರಾವು ಪಾಸ್ ಮಾಡೋಣು. ಒಪ್ಪಿದವರು ಎದ್ದು ನಿಲ್ರಿ!" ಎಂದರು ಅಧ್ಯಕ್ಷರು. ಕಮಿಟಿಯಲ್ಲಿ ಮತ ಹಾಕುವ ಪದ್ಧತಿ ಅದೇ.

ಅಷ್ಟರಲ್ಲಿ ಆಚೆ ದಂಡೆಗೆ ಕೊಡ ಹೊತ್ತ ಹೆಣ್ಣುಮಕ್ಕಳು ಬಂದರು.

ಯಾರೂ ಏಳಲಿಲ್ಲ. ನಾನು ಬೇಡಿಕೊಂಡೆ: "ಒಬ್ಬರರೆ ಏಳ್ರಿ, ಸಾಹೇಬ್ರ!"

"ನೀನ ಏಳೋ!" ಎಂದರು ಅಧ್ಯಕ್ಷರು.

"ನಾ ಮೆಂಬರ್ ಅಲ್ರಿ!"

ಅಧ್ಯಕ್ಷರು ಗದ್ದದತನಕ ಮುಳುಗಿ ಕಾರಕೂನರಿಗೆ ಕೂಗಿದರು: "ಬರಕೋರಿ! ಯಾರೂ ಏಳಲಿಲ್ಲ, ಠರಾವು ಬಿತ್ತು!"

ಹೆಣ್ಣುಮಕ್ಕಳು ಕೊಡ ತುಂಬಿಕೊಂಡು ಹೋದರು. ಹೊತ್ತು ಇಳಿಯಿತು. ನಾವು ಆರೂ ಮಂದಿ ನೀರಲ್ಲೇ ಇದ್ದೆವು. ಕೊನೆಗೆ ಕಾರಕೂನರು ದಂಡೆಯಿಂದ ಕೇಳಿದರು: "ಅವರು ಹೋಗಿ ತಾಸಾತು, ಇನ್ನೂ ಯಾರೂ ಏಳವಲ್ರಿ. ಇದನ್ನೂ ಬರಕೊಳ್ಳೇನ್ರಿ, ಸಾಹೇಬ್ರ?"