ಎಡಗಡೆಯ ಬೋಲ್ಟು

ಬಿಸಿ ತೋಟಾದ ಖಾಲಿ ಕವಚ ಅಂಗಿಯ ತೋಳಿನೊಳಗೆ ಹೊಕ್ಕರೆ ಮನುಷ್ಯ ಎಷ್ಟು ಎತ್ತರ ಹಾರಬಲ್ಲ ಎಂಬುದನ್ನು ಮೊಂಟಾನಾದಲ್ಲಿ ಇನ್ನೂ ಯಾರೂ ಸರಿಯಾಗಿ ಅಳೆದಿಲ್ಲ. ಆ ಶನಿವಾರ ಬೆಳಿಗ್ಗೆ ಆರ್ಲೋ ಕ್ವಾಮೆ ಹಾರಿದ ಎತ್ತರದಿಂದ ಪಕ್ಕದ ಜಿಲ್ಲೆ ಕಾಣುತ್ತಿತ್ತು. ಇನ್ನೊಂದು ಮೊಳ ಹಾರಿದ್ದರೆ ಕೆನಡಾದ ಬೇಲಿಯೂ ಕಾಣುತ್ತಿತ್ತು.

ತಪ್ಪು ಆರ್ಲೋನದಲ್ಲ. ಅವನು ಎಡಚ, ಬಂದೂಕು ಬಲಗೈಯವರದು. ಒಂದು ಗುಂಡು ಹಾರಿದ ಮೇಲೆ ಇನ್ನೊಂದನ್ನು ಒಳಗೆ ತಳ್ಳಲು ಬೋಲ್ಟು ಎಂಬ ಉಕ್ಕಿನ ಅಗುಳಿಯನ್ನು ಎತ್ತಿ ಎಳೆಯಬೇಕು. ಅದರ ಹಿಡಿ ಇರುವುದು ಬಲಗಡೆಗೆ. ಎಡಭುಜಕ್ಕೆ ಬಂದೂಕು ಆನಿಸಿಕೊಂಡವನು, ಪಕ್ಕದ ಮನೆಯವನ ಬೆನ್ನು ತುರಿಸಲು ಹೊರಟವನ ಹಾಗೆ, ಎಡಗೈಯನ್ನು ಮೇಲಿಂದ ಆಚೆಗೆ ಚಾಚಬೇಕು. ಬಿಸಿ ಕವಚ ಸಿಡಿಯುವುದೂ ಅದೇ ಕಡೆಗೆ, ನೆಟ್ಟಗೆ ತೋಳಿನೊಳಕ್ಕೆ.

ಗುರಿಗೆಂದು ಬೇಲಿಯ ಮೇಲಿಟ್ಟಿದ್ದ ಹಾಲಿನ ಡಬ್ಬದ ಕೂದಲೂ ಕೊಂಕಿರಲಿಲ್ಲ. ಆಚೆ ಹೊಲದಲ್ಲಿ ದನಗಳು ನೆಕ್ಕಲೆಂದು ಇಟ್ಟಿದ್ದ ಉಪ್ಪಿನ ದಿಮ್ಮಿ ಮಾತ್ರ ಹಿಟ್ಟಾಗಿತ್ತು. ಹೊಲ ಅವನ ಹೆಂಡತಿ ಡೋರೀನಳ ತಮ್ಮ ರಸ್ಟಿಯದು. ರಸ್ಟಿ ಉಪ್ಪಿನ ಚೂರೊಂದನ್ನು ಹಿಡಿದು, ತಿಂಡಿಯ ಹೊತ್ತಿಗೆ ಸರಿಯಾಗಿ ಅಡುಗೆಮನೆಗೆ ಬಂದ.

"ಭಾವ, ಉಪ್ಪು ಬೇಕಿದ್ರೆ ಒಂದು ಮಾತು ಕೇಳಬಾರದಾ? ಅದನ್ನ ಕೊಲ್ಲೋದ್ಯಾಕೆ?"

"ಬಲಗೈ ಬಂದೂಕು ಕಣೋ ಅದು. ಎಡಚರ ಮಾತು ಕೇಳಬಾರದು ಅಂತಲೇ ಕಾರ್ಖಾನೇಲಿ ಪಾಠ ಹೇಳಿ ಕಳಿಸಿರ್ತಾರೆ."

"ಹಾಗಾದ್ರೆ ಮನುಷ್ಯರ ಥರ ಬಲಗೈಲಿ ಹಿಡ್ಕೊ."

ಆರ್ಲೋನ ಮುಖ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತು. ಕತ್ತರಿ ಬಲಗೈಯವರದು. ಡಬ್ಬ ತೆರೆಯುವ ಯಂತ್ರ ಬಲಗೈಯವರದು. ಕಾಫಿ ಮಗ್ಗಿನ ಮೇಲಿನ ಚಂದದ ಚಿತ್ರ ಸಹ ಎಡಗೈಯಲ್ಲಿ ಹಿಡಿದರೆ ಎದುರಿಗೆ ಕೂತವನಿಗೇ ಕಾಣುವುದು. ಇಷ್ಟನ್ನೂ ಅವನು ನುಂಗಿಕೊಂಡಿದ್ದ. ಆದರೆ ತನ್ನ ಗುರಿಗೆ ತಪ್ಪಿದ ಪ್ರತಿಯೊಂದು ಜಿಂಕೆ, ಪ್ರತಿಯೊಂದು ಎಲ್ಕ್ ಕಡವೆ, ಬಲಗೈಯವರ ಜಗತ್ತು ತನ್ನಿಂದ ಕಿತ್ತುಕೊಂಡದ್ದೆಂದೇ ಅವನ ನಂಬಿಕೆ. ಒಮ್ಮೆ ಅವನು ಕೊಟ್ಟಿಗೆಯೊಳಗೆ ನಿಂತು ಹೊಡೆದದ್ದು ಕೊಟ್ಟಿಗೆಗೂ ತಾಗಿರಲಿಲ್ಲ. ಅದಕ್ಕೂ ಕಾರಣ ಬೋಲ್ಟಿನ ಹಿಡಿಯೇ.

ಹಿಂದಿನ ವರ್ಷಗಳಲ್ಲಾದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಈ ವರ್ಷ ಆರ್ಲೋನಿಗೆ ಲಾಟರಿಯಲ್ಲಿ ದೊಡ್ಡ ಕೊಂಬಿನ ಕಾಡು ಟಗರಿನ ಬೇಟೆಯ ಪರವಾನಗಿ ಎದ್ದಿತ್ತು. ಆ ಲಾಟರಿಗೆ ಹೆಸರು ಕೊಡಲು ಶುರುಮಾಡಿದಾಗ ಅವನ ತಲೆಯಲ್ಲಿ ಕೂದಲಿತ್ತು. ಒಬ್ಬ ಮನುಷ್ಯನಿಗೆ ಜನ್ಮದಲ್ಲಿ ಒಂದು ಸಲ ಸಿಕ್ಕರೆ ಅವನು ಪುಣ್ಯವಂತ. ಎಷ್ಟೋ ಜನ ಕಾದು ಕಾದು, ಪರವಾನಗಿ ಬರುವ ಮೊದಲೇ ಟಗರುಗಳಿಗಿಂತ ಮೇಲಕ್ಕೆ ಹೋಗಿದ್ದಾರೆ. ಈ ಟಗರು ತಪ್ಪಿದರೆ ಇನ್ನೊಂದಿಲ್ಲ.

"ಇವತ್ತು ಎಡಗೈ ಆಕ್ಷನ್ ತರ್ತೀನಿ," ಎಂದ ಆರ್ಲೋ. "ವರ್ನಾ ಕೈಲಿ ರೈಫಲ್ ಕಟ್ಟಿಸ್ತೀನಿ. ಆಮೇಲೆ ನೋಡು, ನಾನು ಹೊಡೆಯೋದನ್ನ ಟಗರೇ ಹೊಗಳಬೇಕು."

ಆಕ್ಷನ್ ಎಂದರೆ ರೈಫಲ್ಲಿನ ಎದೆಗೂಡು: ಬೋಲ್ಟು ಓಡಾಡುವ, ತೋಟಾವನ್ನು ಕಚ್ಚಿ ಹಿಡಿಯುವ ಉಕ್ಕಿನ ಕೊಳವೆ. ಕಾರ್ಖಾನೆಯದನ್ನು ಬಿಟ್ಟು, ಕೂದಲೆಳೆಯಷ್ಟೂ ಆಚೀಚೆ ಆಗದಂತೆ ಕೊರೆದ ಬೇರೆಯದನ್ನು ಆರಿಸಿ ತಂದರೆ, ವರ್ನಾ ಸ್ಟೆನ್ಸ್‌ರುಡ್ ಅದಕ್ಕೆ ನಳಿಕೆ, ಭುಜಕ್ಕೆ ಆನಿಸುವ ಮರದ ದಿಮ್ಮಿ ಎಲ್ಲ ಕೂಡಿಸಿ ರೈಫಲ್ ಕಟ್ಟುತ್ತಾಳೆ. ಅವಳು ಕಟ್ಟಿದ ರೈಫಲ್ ಹಿಡಿದವನು ಸೀನಿದರೂ ಒಂದು ಜಿಂಕೆ ಬೀಳುತ್ತದೆ. ಅವಳ ಸರದಿಗೆ ಕಾಯುವವರ ಸಾಲು ಚರ್ಚಿನಿಂದ ಹೊರಟರೆ ರೈಲ್ವೆ ಹಳಿ ದಾಟುತ್ತದೆ. ಯಾವನೋ ಒಬ್ಬನಿಗೆ ವಿಚ್ಛೇದನವಾಗಿ ಅವನ ಸರದಿ ಖಾಲಿಯಾಗಿತ್ತು. ಸಂಜೆ ಐದಕ್ಕೆ ಬಂದೂಕು ಮೇಳ ಮುಚ್ಚುವುದರೊಳಗೆ ಆಕ್ಷನ್ ತಂದು ತನ್ನ ಮೇಜಿನ ಮೇಲೆ ಇಟ್ಟವನಿಗೆ ಆ ಸರದಿ ಎಂದು ವರ್ನಾ ಸಾರಿದ್ದಳು. ಕೈಯಲ್ಲಿ ಆಕ್ಷನ್ ಇಲ್ಲದವನ ಜೊತೆ ಅವಳು ಹವಾಮಾನವನ್ನೂ ಮಾತಾಡುವುದಿಲ್ಲ.

ಮೇಳ ನಡೆಯುತ್ತಿದ್ದುದು ಊರಾಚೆಯ ದನದ ಪ್ರದರ್ಶನದ ದೊಡ್ಡ ಶೆಡ್ಡಿನಲ್ಲಿ. ಬಾಗಿಲ ಪಕ್ಕ ಲೂಥರನ್ ಚರ್ಚಿನ ಹೆಂಗಸರು ಹಣ್ಣು ತುಂಬಿ ಸುಟ್ಟ ಪೈಗಳ ಅಂಗಡಿ, ಒಳಗೆ ಸಾಲು ಸಾಲು ಮೇಜು. ಡೋರೀನ್ ಪೈ ಕೊಯ್ಯಲು ನಿಂತಳು. ಆರ್ಲೋ ಕೊನೆಯ ಮೇಜಿನಲ್ಲಿ ಆಕ್ಷನ್ ಮಾರುವ ಗಾರ್ತ್‌ನ ಹತ್ತಿರ ಹೋದ. ರಸ್ಟಿಯನ್ನು ಯಾರೂ ಕರೆದಿರಲಿಲ್ಲ, ಹಾಗಾಗಿ ಅವನೂ ಬಂದ.

ಗಾರ್ತ್‌ನ ಮೇಜಿನ ತುಂಬ ಆಕ್ಷನ್ನುಗಳು ಹಬ್ಬದ ಬೆಳ್ಳಿ ಪಾತ್ರೆಗಳ ಹಾಗೆ ಹೊಳೆಯುತ್ತಿದ್ದವು. ಎಲ್ಲವೂ ಬಲಗೈಯವು.

"ಎಡಗೈದು ಇದೆಯಾ?"

ಗಾರ್ತ್ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಒಂದಿದೆ. ಕೆಳಗೆ ಇಟ್ಟಿದ್ದೀನಿ. ಮೇಲಿಟ್ರೆ ಗಿರಾಕಿಗಳು ಎತ್ತಿ ನೋಡಿ ಗಾಬರಿ ಬೀಳ್ತಾರೆ."

"ಗಾಬರಿ ಯಾಕೆ? ಅದಕ್ಕೇನು ರೋಗವಾ?"

"ಹಾಗಲ್ಲ ಆರ್ಲೋ. ನಾಳೆ ನೀನು ಸತ್ತರೆ ಅದನ್ನ ಯಾರು ಕೊಳ್ತಾರೆ ಹೇಳು."

"ನಾನು ಸತ್ತಮೇಲೆ ನಡೆಯೋ ವ್ಯಾಪಾರಕ್ಕೆ ಈಗಲೇ ನಾನು ಬಲಗೈಯವನಾಗಬೇಕಾ?"

ಈ ಮಾತು ಸ್ವಲ್ಪ ಜೋರಾಯಿತು. ನಮ್ಮೂರಲ್ಲಿ ಒಬ್ಬ ಆಕ್ಷನ್ ಆರಿಸುತ್ತಿದ್ದಾನೆಂದರೆ ಮದುವೆಗೆ ಹೆಣ್ಣು ನೋಡುವುದಕ್ಕಿಂತ ಹೆಚ್ಚು ಜನ ಸೇರುತ್ತಾರೆ, ಅಭಿಪ್ರಾಯವಂತೂ ಇನ್ನೂ ಹೆಚ್ಚು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಸುತ್ತ ಗೋಡೆಯಂತೆ ಜನ ನಿಂತರು. ಎಲ್ಲರ ಮುಂದೆ ಹಲ್ಲಿನ ಡಾಕ್ಟರು ಲೈಲ್; ಕೆಲಸದಿಂದ ನಿವೃತ್ತರಾದರೂ ಬಾಯಿಂದ ಆಗದವರು.

"ಬೋಲ್ಟಿಗೆ ಎಷ್ಟು ಹಲ್ಲು?" ಎಂದು ಡಾಕ್ಟರು ಕೇಳಿದರು. ಬೋಲ್ಟು ತಿರುಗಿ ಬೀಗ ಬೀಳಲು ಅದರ ಮೂತಿಯಲ್ಲಿ ಹಲ್ಲುಗಳಿರುತ್ತವೆ. ಎರಡು ಹಲ್ಲಿನ ಪಂಥದವರು, ಮೂರು ಹಲ್ಲಿನ ಪಂಥದವರು ನಮ್ಮಲ್ಲಿ ಒಂದೇ ಬೆಂಚಿನಲ್ಲಿ ಕೂರುವುದಿಲ್ಲ.

"ಮೂರು," ಎಂದ ಗಾರ್ತ್, ಕೆಳಗಿದ್ದುದನ್ನು ಎತ್ತಿ ಮೇಜಿನ ಮೇಲಿಡುತ್ತ.

"ಹುಳುಕು ಹಿಡಿಯೋಕೆ ಒಂದು ಜಾಸ್ತಿ. ಎರಡರದ್ದು ತಗೋ."

"ಎರಡರದ್ದಾದ್ರೆ ಹಿಡೀನ ಆಕಾಶಕ್ಕೆತ್ತಬೇಕು ಡಾಕ್ಟ್ರೇ," ಎಂದ ಹಿಂದಿನಿಂದೊಬ್ಬ. "ಅದು ಹೋಗಿ ಬಂದೂಕಿನ ಮೇಲಿನ ದುರ್ಬೀನಿಗೆ ಹೊಡೆಯತ್ತೆ. ಮೂರರದ್ದು ಮೊಣಕೈ ಅಲ್ಲಾಡಿಸಿದ್ರೆ ಸಾಕು."

"ಉಕ್ಕು ಬೇಡ ಭಾವ, ಟೈಟೇನಿಯಂ ತಗೋ, ಹಗುರ," ಎಂದ ರಸ್ಟಿ. "ಬೆಟ್ಟ ಹತ್ತೋದು ನೀನು. ಈಗಲೇ ನಮ್ಮ ಮನೆ ಮೆಟ್ಟಿಲಲ್ಲಿ ಎರಡು ಸಲ ಕೂರ್ತೀಯ."

"ಟೈಟೇನಿಯಂ ಎಳೆದರೆ ಗರಗರ ಅನ್ನತ್ತೆ. ಟಗರು ಎದ್ದು ಹೋಗತ್ತೆ," ಎಂದ ಮತ್ತೊಬ್ಬ.

"ಇವನು ಉಸಿರಾಡೋ ಸದ್ದಿಗೇ ಎದ್ದು ಹೋಗತ್ತೆ, ಬಿಡು."

"ಇಷ್ಟೆಲ್ಲ ಯಾಕೆ? ಬಲಗೈದು ತಗೊಂಡು ರೂಢಿ ಮಾಡ್ಕೊಂಡ್ರೆ ಮುಗೀತು," ಎಂದರು ಡಾಕ್ಟರು. ಎರಡು ಹಲ್ಲಿನವರೂ ಮೂರು ಹಲ್ಲಿನವರೂ ಜೀವನದಲ್ಲಿ ಮೊದಲ ಬಾರಿಗೆ ಒಟ್ಟಿಗೆ ತಲೆಯಾಡಿಸಿದರು.

ಆರ್ಲೋ ಟೋಪಿ ತೆಗೆದು ಮೇಜಿನ ಮೇಲೆ ಕುಕ್ಕಿದ. ಅವನು ಅಲ್ಲಿ ಮಾಡಿದ ಭಾಷಣಕ್ಕೆ ಹೋಲಿಸಿದರೆ ಸ್ವಾತಂತ್ರ್ಯ ದಿನದ ಭಾಷಣಗಳೆಲ್ಲ ಮಗ್ಗಿ ಒಪ್ಪಿಸಿದ ಹಾಗೆ. ಶಾಲೆಯ ಕುರ್ಚಿಗೆ ಬಲಗಡೆ ಮಾತ್ರ ಹಲಗೆ ಇಟ್ಟವರ್ಯಾರು? ಎಡಗೈಯಲ್ಲಿ ಬರೆದದ್ದಕ್ಕೆ ತನ್ನ ಬೆರಳಿಗೆ ಪಟ್ಟಿಯಲ್ಲಿ ಹೊಡೆದ ಟೀಚರು ಈಗಲೂ ಯಾಕೆ ಜೈಲಿನಲ್ಲಿಲ್ಲ? ಬಲಗೈಯವರು ತಮಗೆ ಬೇಕಾದ ಹಾಗೆ ಜಗತ್ತನ್ನು ತಿರುಚಿಟ್ಟು, ಈಗ ಒಂದೇ ಒಂದು ಬೋಲ್ಟು ಈ ಕಡೆಗೆ ಬಂದರೆ ಇವರಿಗೆ ಹೊಟ್ಟೆನೋವೇಕೆ?

"ಕೊಡು ಅದನ್ನ," ಎಂದ ಕೊನೆಗೆ. "ಮೂರು ಹಲ್ಲಿಂದು. ಉಕ್ಕಿಂದು. ಎಡಗೈದು."

ಕೊಡುವುದು ಅಷ್ಟು ಸುಲಭವಾಗಿರಲಿಲ್ಲ. ಕಾನೂನಿನ ಪ್ರಕಾರ ಬಂದೂಕೆಂದರೆ ನಳಿಕೆಯಲ್ಲ, ದಿಮ್ಮಿಯಲ್ಲ, ಈ ಬೋಳು ಕೊಳವೆಯೇ. ಕೊಳ್ಳುವವನು ಒಳ್ಳೆಯವನೋ ಕೆಟ್ಟವನೋ ಎಂದು ಗಾರ್ತ್ ಸರ್ಕಾರಕ್ಕೆ ಫೋನು ಹಚ್ಚಿ ಕೇಳಬೇಕು. ಸರ್ಕಾರ ಫೋನಿನಲ್ಲಿ ಪಿಟೀಲು ಬಾರಿಸುತ್ತ ಕಾಯಿಸಿತು.

"ಇದರಲ್ಲಿ ಒಂದು ಅಕ್ರೋಟು ಒಡೆಯೋಕೂ ಆಗಲ್ಲ," ಆರ್ಲೋ ಸಿಡಿಮಿಡಿಗೊಂಡ. "ಇದಕ್ಕೆ ಸರ್ಕಾರ ಹೆದರತ್ತಾ?"

"ಎಡಚ ಅಂತ ಹೇಳಿಬಿಟ್ಯಾ ಗಾರ್ತ್?" ಎಂದ ರಸ್ಟಿ. "ಅದಕ್ಕೇ ತಡ ಆಗ್ತಿರಬೇಕು."

ಸರ್ಕಾರ ಒಪ್ಪುವ ಹೊತ್ತಿಗೆ ಶೆಡ್ಡಿನಲ್ಲಿ ಅರ್ಧ ಮೇಜುಗಳಿಗೆ ಬಟ್ಟೆ ಹೊದಿಸಿಯಾಗಿತ್ತು. "ಇನ್ನು ಇದು ನಿಂದು," ಎಂದ ಗಾರ್ತ್. "ವಾಪಸ್ ತರಬೇಡ. ಒಂದು ಸಲ ಕೊಟ್ಟರೆ ಅದು ಹಳೇ ಬಂದೂಕು ಅಂತ ಲೆಕ್ಕ."

ಆರ್ಲೋ ಕೊಳವೆಯನ್ನು ಎತ್ತಿಕೊಂಡ. ಒಳಗೆ ಆಚೆಯ ಗೋಡೆ ಕಾಣಿಸಿತು. ಬೋಲ್ಟು ಇರಲಿಲ್ಲ.

"ಬೋಲ್ಟು ಎಲ್ಲಿ?"

"ಡಾಕ್ಟ್ರಿಗೆ ಹಲ್ಲು ತೋರಿಸೋಕೆ ನಾನೇ ತೆಗೆದುಕೊಟ್ಟೆ," ಎಂದ ರಸ್ಟಿ. ಅವನ ದನಿಯಲ್ಲಿ ಮೊದಲ ಬಾರಿಗೆ ಸ್ವಲ್ಪ ಭಯವಿತ್ತು.

ಡಾಕ್ಟರು ಇರಲಿಲ್ಲ. ಆರ್ಲೋ ಓಡಿದ. ಅವನು ಓಡಿದ ಗಾಳಿಗೆ ಒಣಮಾಂಸದ ಅಂಗಡಿಯ ಬಾವುಟ ಹರಿದು ಹಾರಿತು. ಹಳೇ ಕತ್ತಿ ಮಾರುವ ಮುದುಕ ಯುದ್ಧ ಶುರುವಾಯಿತೆಂದು ಮೇಜಿನ ಕೆಳಗೆ ಸೇರಿದ. ಡಾಕ್ಟರು ಪೈ ಅಂಗಡಿಯ ಮುಂದೆ ನಿಂತು, ಲೂಥರನ್ ಹೆಂಗಸರಿಗೆ ಮೂರನೆಯ ಹಲ್ಲಿನ ಅನರ್ಥಗಳನ್ನು ಬೋಲ್ಟಿನಿಂದಲೇ ತೋರಿಸಿ ವಿವರಿಸುತ್ತಿದ್ದರು. ಆರ್ಲೋ ಕೈ ಹಾಕಿದ. ಡಾಕ್ಟರು ಬೆಚ್ಚಿದರು. ಬೋಲ್ಟು ನೇರವಾಗಿ ಹಕಲ್‌ಬೆರಿ ಎಂಬ ನೇರಳೆ ಕಾಡುಹಣ್ಣಿನ ಪೈಯೊಳಗೆ ಮೂತಿ ಹೂತು ನಿಂತಿತು.

"ಆ ಪೈ ಪಾದ್ರಿಗಳಿಗೆ ಎತ್ತಿಟ್ಟಿದ್ದೆ," ಎಂದಳು ಡೋರೀನ್.

"ಟಗರು ಮುಖ್ಯನಾ, ಪಾದ್ರಿ ಮುಖ್ಯನಾ?" ಎಂದು ಬೋಲ್ಟನ್ನು ಅಂಗಿಗೆ ಒರೆಸಿಕೊಳ್ಳುತ್ತ ಆರ್ಲೋ ಮತ್ತೆ ಓಡಿದ. ಹಿಂದೆ ಡಾಕ್ಟರು, ರಸ್ಟಿ, ಎರಡು ಪಂಥದವರು, ಚಾಕು ಹಿಡಿದ ಡೋರೀನ್.

ವರ್ನಾ ಎದ್ದು ಕೋಟು ಹಾಕಿಕೊಳ್ಳುತ್ತಿದ್ದಳು. ನೇರಳೆ ಬಣ್ಣ ಬಳಿದುಕೊಂಡ ಆಕ್ಷನ್ ತನ್ನ ಮುಂದೆ ಧೊಪ್ಪನೆ ಬಿದ್ದದ್ದನ್ನು ನೋಡಿ, ಒಂದು ತೋಳು ಕೋಟಿನೊಳಗೆ ಒಂದು ತೋಳು ಹೊರಗೆ, ಹಾಗೇ ನಿಂತಳು. ಬೋಲ್ಟು ಹಾಕಿ ಎಳೆದಳು. ಅದು ಬೆಣ್ಣೆಯಲ್ಲಿ ಬೆರಳಾಡಿಸಿದ ಹಾಗೆ ಜಾರಿತು.

"ಒಳ್ಳೇ ಮಾಲು," ಎಂದಳು. ವರ್ನಾಳ ಬಾಯಿಂದ ಈ ಮಾತು ಕೇಳಲು ಜನ ಬೇರೆ ರಾಜ್ಯಗಳಿಂದ ಬರುತ್ತಾರೆ. "ಈ ಜಿಲ್ಲೇಲಿ ಇಷ್ಟು ಸರಿಯಾಗಿ ಆರಿಸಿದವನು ನೀನೊಬ್ಬನೇ."

ಆರ್ಲೋ ಹಿಂದೆ ತಿರುಗಿ ಒಬ್ಬೊಬ್ಬರ ಮುಖವನ್ನೂ ನಿಧಾನವಾಗಿ, ಚಪ್ಪರಿಸಿ ನೋಡಿದ.

"ದಿಮ್ಮಿ ಕೊರೆಯೋಕೆ ಮುಂಚೆ ಎಲ್ಲರಿಗೂ ಒಂದು ಪರೀಕ್ಷೆ ಮಾಡ್ತೀನಿ," ಎಂದಳು ವರ್ನಾ. "ಎರಡೂ ಕೈ ಮುಂದೆ ಚಾಚು. ಅಂಗೈ ಮಧ್ಯೆ ಕಿಂಡಿ ಮಾಡು. ಎರಡೂ ಕಣ್ಣು ಬಿಟ್ಟು ಕಿಂಡೀಲಿ ನನ್ನ ಮೂಗು ನೋಡು. ಈಗ ಮೂಗನ್ನ ಬಿಡದೆ ಕೈಯನ್ನ ಮುಖದ ಹತ್ತಿರ ತಗೊಂಡು ಬಾ."

ಆರ್ಲೋ ಹಾಗೇ ಮಾಡಿದ. ಕಿಂಡಿ ಮೆಲ್ಲಗೆ ಬಂದು ಅವನ ಬಲಗಣ್ಣಿನ ಮೇಲೆ ಕೂತಿತು.

"ಇನ್ನೊಂದು ಸಲ," ಎಂದಳು ವರ್ನಾ.

ಮತ್ತೆ ಬಲಗಣ್ಣು. ಆರ್ಲೋ ಕೈಯನ್ನು ಬೇಕೆಂದೇ ಎಡಕ್ಕೆ ಎಳೆದ. ವರ್ನಾಳ ಮೂಗು ಮಾಯವಾಯಿತು. ಸುತ್ತ ನಿಂತವರು ಕತ್ತು ಚಾಚಿದರು.

"ನೀನು ಎರಡೂ ಕಣ್ಣು ಬಿಟ್ಟು ಹೊಡೀತೀಯಾ?"

"ನಮ್ಮಪ್ಪ ಹಾಗೇ ಕಲಿಸಿದ್ದು."

"ನಿನ್ನ ಕೈ ಎಡದ್ದು. ಕಣ್ಣು ಬಲದ್ದು. ಗುರಿ ನೋಡೋದು ಆ ಕಣ್ಣೇ. ಎಡದ್ದು ಸುಮ್ನೆ ಜೊತೆಗೆ ಬರತ್ತೆ. ಇಷ್ಟು ವರ್ಷ ಎಡಭುಜದ ಮೇಲೆ ಬಂದೂಕು ಇಟ್ಕೊಂಡು ಬಲಗಣ್ಣಲ್ಲಿ ನೋಡಿದ್ದೀಯ. ಗುಂಡು ಪಾಪ, ಯಾರ ಮಾತು ಕೇಳಬೇಕು?"

"ಬೋಲ್ಟು..." ಎಂದ ಆರ್ಲೋ.

"ಬೋಲ್ಟಿಗೂ ಇದಕ್ಕೂ ಸಂಬಂಧ ಇಲ್ಲ. ಬಲಗಣ್ಣು ಮುಚ್ಕೊಂಡು ಹೊಡಿ."

ಆರ್ಲೋ ಬಲಗಣ್ಣು ಮುಚ್ಚಿದ. ಎಡಗಣ್ಣೂ ಮುಚ್ಚಿಕೊಂಡಿತು. ಮತ್ತೊಮ್ಮೆ ಪ್ರಯತ್ನಿಸಿದ, ತುಟಿ ಸೊಟ್ಟಗಾಯಿತು, ಕಿವಿ ಅಲ್ಲಾಡಿತು, ಕಣ್ಣುಗಳು ಮಾತ್ರ ಅವಳಿ ಮಕ್ಕಳ ಹಾಗೆ ಜೊತೆಯಾಗಿಯೇ ಮಲಗಿದವು.

"ಹಾಗಾದ್ರೆ ಇರೋದು ಒಂದೇ ದಾರಿ," ಎಂದಳು ವರ್ನಾ. "ಗಾರ್ತ್ ಹತ್ರ ಬಲಗೈ ಆಕ್ಷನ್ ತಗೊಂಡು ಬಾ. ಬಲಭುಜಕ್ಕೆ ಕಟ್ಟಿಕೊಡ್ತೀನಿ. ಟಗರು ಬೀಳತ್ತೆ."

ರಸ್ಟಿ ಗಂಟಲು ಸರಿಮಾಡಿಕೊಂಡ. "ಭಾವ, ನಾನು ಬೆಳಿಗ್ಗೆನೇ—"

ಅವನು ಆ ಮಾತು ಆಡದೆ ಇದ್ದಿದ್ದರೆ ಏನಾಗುತ್ತಿತ್ತೋ. ಆರ್ಲೋ ಹಕಲ್‌ಬೆರಿ ಮೆತ್ತಿದ ಆಕ್ಷನ್ನನ್ನು ವರ್ನಾಳ ಕಡೆಗೆ ತಳ್ಳಿದ. "ಎಡಗಡೆಗೇ ಕಟ್ಟು."

"ಕಟ್ತೀನಿ. ನನ್ನ ಕೈಯಿಂದ ಇಂಥದ್ದು ಇನ್ನೊಂದು ಹೊರಡಲ್ಲ, ಅಷ್ಟು ಚೆನ್ನಾಗಿ ಕಟ್ತೀನಿ," ಎಂದಳು ವರ್ನಾ. "ಆದ್ರೆ ಈ ಸಲ ತಪ್ಪಿದ್ರೆ ಬೈಯೋಕೆ ನಿನಗೆ ಯಾರೂ ಉಳಿಯಲ್ಲ, ನೋಡು."

ಐದರ ಗಂಟೆ ಬಾರಿಸಿತು. ಮನೆಗೆ ಹೋಗುವಾಗ ಡೋರೀನಳೇ ಗಾಡಿ ಓಡಿಸಿದಳು.

"ಹಾಗಾದ್ರೆ ಇಷ್ಟು ವರ್ಷ ತಪ್ಪು ಬಂದೂಕಿಂದಲ್ಲ," ಎಂದಳು ಅವಳು.

"ಅಲ್ಲ."

"ನಿಂದು."

"ನಂದ್ಯಾಕೆ? ಬಲಗಣ್ಣಿಂದು."

"ಆ ಕಣ್ಣು ಯಾರದು?"

ಬಲಗಡೆಯ ಶತ್ರುಗಳು ತನ್ನ ತಲೆಯೊಳಕ್ಕೇ ನುಗ್ಗಿ, ಬಾಗಿಲ ಬಳಿಯೇ ಕಾವಲು ಕೂತಿದ್ದಾರೆಂಬುದು ಆರ್ಲೋನಿಗೆ ಆವತ್ತೇ ಗೊತ್ತಾದದ್ದು. ಮನೆ ಮುಟ್ಟುವವರೆಗೂ ಅವನು ಬಲಗಣ್ಣನ್ನು ಮುಚ್ಚಿಕೊಂಡೇ ಕೂತಿದ್ದ, ಅದೂ ಬಲಗೈಯಿಂದ. ಅವರ ಕಡೆಯವರನ್ನು ಅವರೇ ನೋಡಿಕೊಳ್ಳಲಿ ಎಂದು.